ಮತ್ತೆ ಮತ್ತೆ ಏಳುವ ಕಂಕುಳ ಕುರು: ಶಸ್ತ್ರಚಿಕಿತ್ಸೆಗೆ ಮುನ್ನ ಸ್ಕ್ಯಾನಿಂಗ್ ಏಕೆ?

ಸಂಸಾರವು ನೆಮ್ಮದಿಯಿಂದ ಸಾಗಬೇಕಾದರೆ ಪತಿಪತ್ನಿಯರಿಬ್ಬರೂ ಆರೋಗ್ಯವಂತರಾಗಿರಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಜ್ವರ ಬಂದರೆ, ಹೊಟ್ಟೆನೋವು ಬಂದರೆ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆ. ಕೂಡಲೇ ಆಸ್ಪತ್ರೆಗೂ ಹೋಗುತ್ತಾರೆ. ಆದರೆ ಕಂಕುಳು, ತೊಡೆಸಂದು, ಸ್ತನಗಳ ಕೆಳಭಾಗ, ಪೃಷ್ಠ ಮುಂತಾದ ಮರೆಯ ಸ್ಥಳಗಳಲ್ಲಿ ಕುರು ಎದ್ದರೆ ಅದನ್ನು ಕೈಹಿಡಿದವರಿಗೂ ಹೇಳದೆ ವರ್ಷಗಟ್ಟಲೆ ನೋವು ನುಂಗಿಕೊಂಡಿರುವವರು ಬಹುಮಂದಿ. ಇಂಥ ಕುರುಗಳಲ್ಲಿ ಒಂದು ಬಗೆಯದು ಸಾಮಾನ್ಯ ಕುರುವಲ್ಲ. ಒಡೆದು ಕೀವು ಹೋದರೂ ಅದೇ ಸ್ಥಳದಲ್ಲಿ ಅಥವಾ ಅದರ ಪಕ್ಕದಲ್ಲಿ ಪುನಃ ಪುನಃ ಏಳುವ ಈ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ಹಿಡ್ರಡಿನೈಟಿಸ್ ಸಪ್ಪುರೇಟಿವಾ ಎಂದು ಹೆಸರು. ಈ ರೋಗದ ಸ್ವರೂಪವನ್ನೂ, ಶಸ್ತ್ರಚಿಕಿತ್ಸೆಗೆ ಮುನ್ನ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸುವುದರಿಂದ ಆಗುವ ಪ್ರಯೋಜನವನ್ನೂ ಈ ಲೇಖನದಲ್ಲಿ ತಿಳಿಸಲಾಗಿದೆ.

ಇದು ಎಂಥ ರೋಗ?

ಇದು ಚರ್ಮದ ರೋಮಕೂಪಗಳಲ್ಲಿ ಉಂಟಾಗುವ ದೀರ್ಘಕಾಲದ ಉರಿಯೂತ. ಸಾಮಾನ್ಯವಾಗಿ ಪ್ರಾಯ ಬಂದ ಮೇಲೆ, ಹೆಚ್ಚಾಗಿ 20ರಿಂದ 30 ವರ್ಷ ವಯಸ್ಸಿನೊಳಗೆ, ಅಂದರೆ ಮದುವೆಯಾಗಿ ಮಕ್ಕಳನ್ನು ಪಡೆಯುವ ಕಾಲದಲ್ಲಿಯೇ ಇದು ತಲೆದೋರುತ್ತದೆ. ಸ್ತ್ರೀಯರಿಗೂ ಬರುತ್ತದೆ, ಪುರುಷರಿಗೂ ಬರುತ್ತದೆ. ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ರಕ್ತಸಂಬಂಧಿಗಳಲ್ಲಿಯೂ ಈ ರೋಗವಿರುವುದುಂಟು. ಬೀಡಿ, ಸಿಗರೇಟು ಸೇದುವವರಲ್ಲಿ ಮತ್ತು ದೇಹದ ತೂಕ ಹೆಚ್ಚಾಗಿರುವವರಲ್ಲಿ ಇದು ಅಧಿಕ.

ಈ ರೋಗದ ವಿಷಯದಲ್ಲಿ ಜನರಲ್ಲಿ ಹಲವು ತಪ್ಪು ತಿಳಿವಳಿಕೆಗಳಿವೆ. ಇದು ಕೊಳಕಿನಿಂದ ಬರುವ ರೋಗವಲ್ಲ. ದಿನಕ್ಕೆ ಎರಡು ಬಾರಿ ಸ್ನಾನ ಮಾಡುವವರಿಗೂ ಬರುತ್ತದೆ. ಇದು ಲೈಂಗಿಕ ರೋಗವಲ್ಲ. ಗಂಡನಿಂದ ಹೆಂಡತಿಗಾಗಲಿ, ಹೆಂಡತಿಯಿಂದ ಗಂಡನಿಗಾಗಲಿ ಅಂಟುವುದಿಲ್ಲ. ಎದೆಹಾಲಿನ ಮೂಲಕ ಮಗುವಿಗೆ ದಾಟುವುದಿಲ್ಲ. ದೇವರ ಶಾಪವೂ ಅಲ್ಲ, ಯಾರ ದೃಷ್ಟಿಯೂ ಅಲ್ಲ. ತೊಡೆಸಂದಿನಲ್ಲಿ ಕುರು ಎದ್ದಿತೆಂಬ ಒಂದೇ ಕಾರಣಕ್ಕೆ ಪತಿಪತ್ನಿಯರು ಒಬ್ಬರ ನಡತೆಯನ್ನು ಇನ್ನೊಬ್ಬರು ಶಂಕಿಸುವುದು ಸರ್ವಥಾ ಸಲ್ಲದು.

ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದರೆ, ರೋಗ ತಲೆದೋರಿದಂದಿನಿಂದ ಅದನ್ನು ಸರಿಯಾಗಿ ಗುರುತಿಸುವವರೆಗೆ ಸರಾಸರಿ 7ರಿಂದ 10 ವರ್ಷಗಳು ಕಳೆದುಹೋಗುತ್ತವೆಂದು ತಿಳಿದುಬರುತ್ತದೆ. ರೋಗಿಯ ಸಂಕೋಚವು ಇದಕ್ಕೆ ಒಂದು ಕಾರಣ. ಪ್ರತಿಸಲವೂ ಅದನ್ನು ಬಿಡಿಕುರುವೆಂದೇ ಭಾವಿಸಿ ಚಿಕಿತ್ಸೆ ನೀಡುವುದು ಇನ್ನೊಂದು ಕಾರಣ. ಆದುದರಿಂದ ಆರು ತಿಂಗಳೊಳಗೆ ಎರಡು ಅಥವಾ ಹೆಚ್ಚು ಬಾರಿ ಈ ಸ್ಥಳಗಳಲ್ಲಿ ಕುರು ಎದ್ದರೆ ಆ ಸಂಗತಿಯನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು.

ಚರ್ಮದ ಕೆಳಗೆ ನಡೆಯುವುದೇನು?

ಮೊದಲು ರೋಮಕೂಪದ ಬಾಯಿ ಕಟ್ಟಿಕೊಳ್ಳುತ್ತದೆ. ಒಳಗೆ ಚರ್ಮದ ಹೊಟ್ಟು ಶೇಖರವಾಗಿ ಕೂಪವು ಉಬ್ಬುತ್ತದೆ. ಕೊನೆಗೆ ಅದು ಹೊರಕ್ಕೆ ಒಡೆಯುವ ಬದಲು ಒಳಗೇ ಬಿರಿಯುತ್ತದೆ. ಹೊರಬಿದ್ದ ಹೊಟ್ಟು, ಕೂದಲಿನ ಚೂರುಗಳನ್ನು ದೇಹವು ಪರವಸ್ತುವೆಂದು ಎಣಿಸಿ ಅವುಗಳ ಮೇಲೆ ಹೋರಾಟಕ್ಕೆ ತೊಡಗುತ್ತದೆ. ಅಲ್ಲಿ ಊತ, ನೋವು, ಕೀವು ಕಾಣಿಸಿಕೊಳ್ಳುತ್ತವೆ. ಹೀಗೆ ಪದೇ ಪದೇ ಆದಾಗ ಒಂದು ಕುರುವಿನಿಂದ ಇನ್ನೊಂದಕ್ಕೆ ಚರ್ಮದ ಅಡಿಯಲ್ಲಿಯೇ ದಾರಿಗಳು ಕೊರೆದುಕೊಳ್ಳುತ್ತವೆ. ಈ ಸುರಂಗಗಳ ಒಳಗೋಡೆಯ ಮೇಲೆ ಕ್ರಮೇಣ ಚರ್ಮದಂಥದೇ ಪದರವೊಂದು ಬೆಳೆಯುವುದರಿಂದ ಅವು ತಾವಾಗಿಯೇ ಮುಚ್ಚಿಕೊಳ್ಳುವುದು ಕಷ್ಟ.

ರೈತಬಾಂಧವರಿಗೆ ಇದನ್ನು ವಿವರಿಸುವುದು ಸುಲಭ. ಗದ್ದೆಯ ಬದುವಿನಲ್ಲಿ ಇಲಿಯೋ ಏಡಿಯೋ ಬಿಲ ತೋಡಿದರೆ ಮೇಲಿನ ಬಾಯಿಗೆ ಒಂದು ಹೆಂಟೆ ಮಣ್ಣು ಬಡಿದ ಮಾತ್ರಕ್ಕೆ ನೀರು ಸೋರುವುದು ನಿಲ್ಲುವುದಿಲ್ಲ. ಬಿಲವು ಎಲ್ಲಿಂದ ಎಲ್ಲಿಗೆ ಹೋಗಿದೆ, ಎಷ್ಟು ಕವಲೊಡೆದಿದೆ ಎಂಬುದನ್ನು ತಿಳಿದು, ಅದರ ಜಾಡು ಹಿಡಿದು ಅಗೆದು ಸರಿಪಡಿಸಬೇಕಾಗುತ್ತದೆ. ಈ ರೋಗದಲ್ಲಿಯೂ ಮೇಲೆ ಕಾಣುವುದು ಬಿಲದ ಬಾಯಿ ಮಾತ್ರ. ಉಬ್ಬಿದ ಕುರುವನ್ನು ಸೀಳಿ ಕೀವು ತೆಗೆದರೆ ಆ ಹೊತ್ತಿನ ಯಾತನೆ ತಗ್ಗುವುದು ನಿಜ. ತೀವ್ರವಾದ ನೋವಿದ್ದಾಗ ಹಾಗೆ ಮಾಡಲೇಬೇಕಾಗಿಯೂ ಬರಬಹುದು. ಆದರೆ ಕೆಳಗಿನ ಸುರಂಗವು ಹಾಗೆಯೇ ಉಳಿದಿರುವುದರಿಂದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕೀವು ಮರಳುತ್ತದೆ.

ಸುಣ್ಣ ಬೆಲ್ಲದ ಪಟ್ಟು, ಎಕ್ಕದ ಹಾಲು, ಬರೆ ಹಾಕುವುದು ಮುಂತಾದ ಕ್ರಮಗಳಿಂದ ಈ ಸುರಂಗಗಳು ಮುಚ್ಚುವುದಿಲ್ಲ. ಸುಟ್ಟ ಗಾಯವೊಂದು ಹೆಚ್ಚುವರಿಯಾಗಿ ಸೇರಿಕೊಳ್ಳುವುದಷ್ಟೇ ಇವುಗಳ ಫಲ.

ಸ್ಕ್ಯಾನಿಂಗ್ ಎಂದರೇನು?

ಸ್ಕ್ಯಾನಿಂಗ್ ಎಂದೊಡನೆ ಗರ್ಭಿಣಿಯರ ಪರೀಕ್ಷೆಯ ನೆನಪಾಗುವುದು ಸಹಜ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿತಜ್ಞ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು 1958ರಲ್ಲಿ ಈ ವಿಧಾನದಿಂದ ಹೊಟ್ಟೆಯೊಳಗಿನ ಗಡ್ಡೆಗಳನ್ನೂ ಗರ್ಭವನ್ನೂ ನೋಡಬಹುದೆಂದು ತೋರಿಸಿಕೊಟ್ಟರು. ಚರ್ಮದ ದಪ್ಪವನ್ನು ಇದೇ ಬಗೆಯ ತರಂಗಗಳಿಂದ ಅಳೆದ ವರದಿಯು 1979ರಲ್ಲಿ ಪ್ರಕಟವಾಯಿತು.

ಹಲಸಿನಹಣ್ಣನ್ನು ಬೆರಳಿನಿಂದ ತಟ್ಟಿ, ಬರುವ ಶಬ್ದದಿಂದ ಒಳಗಿನ ಸ್ಥಿತಿಯನ್ನು ಊಹಿಸುವುದು ನಮ್ಮವರಿಗೆ ರೂಢಿ. ಸ್ಕ್ಯಾನಿಂಗ್ ಯಂತ್ರವೂ ಶಬ್ದದಿಂದಲೇ ಒಳಗನ್ನು ತಿಳಿಯುತ್ತದೆ. ಆದರೆ ಅದರ ಶಬ್ದವು ಮನುಷ್ಯನ ಕಿವಿಗೆ ಕೇಳಿಸದು. ನಮ್ಮ ಕಿವಿಯು ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದವನ್ನು ಮಾತ್ರ ಗ್ರಹಿಸಬಲ್ಲುದು. ಹೊಟ್ಟೆಯ ಪರೀಕ್ಷೆಗೆ ಬಳಸುವ ತರಂಗಗಳು ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 20ರಿಂದ 50 ಲಕ್ಷ ಕಂಪನಗಳುಳ್ಳವು. ಚರ್ಮದ ಪರೀಕ್ಷೆಗೆ 15 ಮೆಗಾಹರ್ಟ್ಸ್ ಅಥವಾ ಅದಕ್ಕೂ ಮೇಲಿನ, ಅಂದರೆ ಸೆಕೆಂಡಿಗೆ ಒಂದೂವರೆ ಕೋಟಿಗೂ ಮಿಕ್ಕ ಕಂಪನಗಳುಳ್ಳ ತರಂಗಗಳು ಬೇಕು. ಕಂಪನ ಹೆಚ್ಚಿದಷ್ಟೂ ಚಿತ್ರವು ಸೂಕ್ಷ್ಮವಾಗುತ್ತದೆ. ಆದರೆ ತರಂಗವು ಆಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಚರ್ಮವು ಮೇಲೆಯೇ ಇರುವುದರಿಂದ ಇದರಿಂದ ತೊಂದರೆಯಿಲ್ಲ.

ತಜ್ಞರು ಚರ್ಮಕ್ಕೆ ತಣ್ಣನೆಯ ಲೋಳೆಯನ್ನು ಹಚ್ಚಿ ಅದರ ಮೇಲೆ ಯಂತ್ರದ ಹಿಡಿಯನ್ನು ಮೃದುವಾಗಿ ಆಡಿಸುತ್ತಾರೆ. ಒಳಗಿನ ಬೇರೆ ಬೇರೆ ಪದರಗಳಿಂದ ಮರಳಿ ಬರುವ ಪ್ರತಿಧ್ವನಿಯು ತೆರೆಯ ಮೇಲೆ ಕಪ್ಪು ಬಿಳುಪಿನ ಚಿತ್ರವಾಗಿ ಮೂಡುತ್ತದೆ. ಇದರಲ್ಲಿ ಕ್ಷಕಿರಣಗಳ ಬಳಕೆಯಿಲ್ಲ, ಸೂಜಿ ಚುಚ್ಚುವುದಿಲ್ಲ, ಗರ್ಭಿಣಿಯರಿಗೂ ಇದನ್ನು ಮಾಡಬಹುದು.

ಸ್ಕ್ಯಾನಿಂಗ್‌ನಿಂದ ತಿಳಿಯುವುದೇನು?

ಕೈಯಿಂದ ಮುಟ್ಟಿ ನೋಡಿದಾಗ ಒಂದು ಗಂಟು ಮಾತ್ರ ಸಿಕ್ಕುವಲ್ಲಿ ಸ್ಕ್ಯಾನಿಂಗ್ ಮಾಡಿದಾಗ ಅದರ ಅಡಿಯಲ್ಲಿ ಹಲವು ಕೀವಿನ ಚೀಲಗಳೂ ಅವನ್ನು ಕೂಡಿಸುವ ಸುರಂಗವೂ ಕಂಡುಬರುವುದುಂಟು. ತಜ್ಞರು ಮುಖ್ಯವಾಗಿ ಈ ಸಂಗತಿಗಳನ್ನು ನೋಡುತ್ತಾರೆ:

1. ರೋಮಕೂಪಗಳು ಹಿಗ್ಗಿವೆಯೇ? ಚರ್ಮವು ದಪ್ಪವಾಗಿದೆಯೇ?
2. ಕೀವು ತುಂಬಿದ ಚೀಲಗಳು ಎಷ್ಟು? ಅವುಗಳ ಅಳತೆ ಎಷ್ಟು? (ಇವು ತೆರೆಯ ಮೇಲೆ ಕಪ್ಪಾಗಿ ಕಾಣುತ್ತವೆ.)
3. ಸುರಂಗಗಳಿವೆಯೇ? ಅವು ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳಕ್ಕೆ ಹೋಗಿವೆ? ಅವುಗಳೊಳಗೆ ಕೂದಲಿನ ಚೂರುಗಳಿವೆಯೇ?
4. ಉರಿಯೂತವು ಈಗ ಕೆರಳಿದೆಯೇ, ತಣ್ಣಗಾಗಿದೆಯೇ? (ಡಾಪ್ಲರ್ ಎಂಬ ವಿಧಾನದಿಂದ ರಕ್ತದ ಹರಿವು ಕೆಂಪು ಮತ್ತು ನೀಲಿ ಬಣ್ಣಗಳಲ್ಲಿ ಕಾಣುತ್ತದೆ. ಹರಿವು ಹೆಚ್ಚಾಗಿದ್ದರೆ ಉರಿಯೂತವು ಕೆರಳಿದೆಯೆಂದು ತಿಳಿಯಬೇಕು. ಈ ಬಣ್ಣಗಳು ರಕ್ತವು ಹರಿಯುವ ದಿಕ್ಕನ್ನು ಸೂಚಿಸುತ್ತವೆಯೇ ಹೊರತು ಒಳ್ಳೆಯ ರಕ್ತ, ಕೆಟ್ಟ ರಕ್ತ ಎಂಬುದನ್ನಲ್ಲ.)
5. ಸಮೀಪದಲ್ಲಿ ದೊಡ್ಡ ರಕ್ತನಾಳಗಳು ಎಲ್ಲಿವೆ? ದುಗ್ಧಗ್ರಂಥಿಗಳು ಊದಿವೆಯೇ?

1989ರಲ್ಲಿ ಹರ್ಲಿ ಎಂಬ ವೈದ್ಯರು ಕಣ್ಣಿಗೆ ಕಾಣುವ ಲಕ್ಷಣಗಳನ್ನು ಅನುಸರಿಸಿ ಈ ರೋಗವನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಇಂದಿಗೂ ಆ ವಿಂಗಡಣೆ ಬಳಕೆಯಲ್ಲಿದೆ. ಆದರೆ ಅದು ಮೇಲಿನ ನೋಟವನ್ನು ಮಾತ್ರ ಅವಲಂಬಿಸಿದೆ. 2013ರಲ್ಲಿ ಚಿಲಿ ದೇಶದ ತಜ್ಞೆ ಕ್ಸಿಮೇನಾ ವೋರ್ಟ್ಸ್‌ಮನ್ ಮತ್ತು ಸಂಗಡಿಗರು ಸ್ಕ್ಯಾನಿಂಗ್‌ನಲ್ಲಿ ಕಂಡುದನ್ನು ಆಧರಿಸಿ ಹಂತಗಳನ್ನು ಗೊತ್ತುಪಡಿಸಿದರು. ಸುರಂಗವಿಲ್ಲದೆ, ದೇಹದ ಒಂದೇ ಭಾಗದಲ್ಲಿ ಒಂದು ಕೀವಿನ ಚೀಲವಿದ್ದರೆ ಮೊದಲನೆಯ ಹಂತ. ಎರಡರಿಂದ ನಾಲ್ಕು ಚೀಲಗಳು ಅಥವಾ ಒಂದು ಸುರಂಗವಿದ್ದು, ದೇಹದ ಎರಡು ಭಾಗಗಳವರೆಗೆ ಹರಡಿದ್ದರೆ ಎರಡನೆಯ ಹಂತ. ಐದು ಅಥವಾ ಹೆಚ್ಚು ಚೀಲಗಳು, ಇಲ್ಲವೆ ಎರಡು ಅಥವಾ ಹೆಚ್ಚು ಸುರಂಗಗಳಿದ್ದರೆ, ಅಥವಾ ರೋಗವು ದೇಹದ ಮೂರು ಇಲ್ಲವೆ ಹೆಚ್ಚು ಭಾಗಗಳಿಗೆ ಹಬ್ಬಿದ್ದರೆ ಮೂರನೆಯ ಹಂತ. ಔಷಧ ಸಾಕೇ, ಶಸ್ತ್ರಚಿಕಿತ್ಸೆ ಬೇಕೇ, ಬೇಕಾದರೆ ಎಷ್ಟು ವಿಸ್ತಾರವಾಗಿ ಬೇಕು ಎಂಬುದನ್ನು ನಿರ್ಧರಿಸಲು ಈ ಎಣಿಕೆ ನೆರವಾಗುತ್ತದೆ.

ಶಸ್ತ್ರಚಿಕಿತ್ಸೆಯ ಮುನ್ನ ತಜ್ಞರು ಸುರಂಗದ ಜಾಡನ್ನು ಸ್ಕ್ಯಾನಿಂಗ್‌ನಿಂದ ಅನುಸರಿಸುತ್ತ ಚರ್ಮದ ಮೇಲೆ ಶಾಯಿಯಿಂದ ಗೆರೆ ಎಳೆಯಬಹುದು. ಕಂಕುಳ ರೋಗವಾದರೆ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿರುವಂತೆಯೇ ತೋಳನ್ನು ಮೇಲೆತ್ತಿ ಮಲಗಿಸಿ ಗುರುತು ಹಾಕುವರು. ತೋಳಿನ ಭಂಗಿ ಬದಲಾದರೆ ಚರ್ಮವು ಸರಿದು ಗುರುತು ತಪ್ಪಾಗುವುದೇ ಇದಕ್ಕೆ ಕಾರಣ. ಹೀಗೆ ಗುರುತಿದ್ದರೆ ಶಸ್ತ್ರವೈದ್ಯರು ರೋಗವಿರುವ ಭಾಗವನ್ನು ಬಿಡದೆ, ಆರೋಗ್ಯವಾಗಿರುವ ಭಾಗವನ್ನು ವೃಥಾ ಕತ್ತರಿಸದೆ ಕೆಲಸ ಮಾಡಬಹುದು.

ಸ್ಕ್ಯಾನಿಂಗ್‌ಗೂ ಮಿತಿಗಳಿವೆ. ಗುದದ್ವಾರದ ಸುತ್ತ ಆಳಕ್ಕಿಳಿದ ಸುರಂಗಗಳನ್ನು ತಿಳಿಯಲು ಎಂ.ಆರ್.ಐ. ಪರೀಕ್ಷೆ ಬೇಕಾಗಬಹುದು. ಕ್ಷಯರೋಗದಿಂದಲೂ ಕಂಕುಳು, ತೊಡೆಸಂದುಗಳಲ್ಲಿ ಗಂಟೆದ್ದು ಕೀವು ಸೋರುವುದುಂಟಾದ್ದರಿಂದ ಕೀವನ್ನಾಗಲಿ ಚರ್ಮದ ತುಣುಕನ್ನಾಗಲಿ ಪ್ರಯೋಗಶಾಲೆಗೆ ಕಳುಹಿಸಬೇಕಾಗಬಹುದು. ಸ್ಕ್ಯಾನಿಂಗ್ ಒಂದು ಪರೀಕ್ಷೆಯೇ ಹೊರತು ಚಿಕಿತ್ಸೆಯಲ್ಲ.

ಪರೀಕ್ಷೆಗೆ ಹೋಗುವಾಗ

ಉಪವಾಸವಿರಬೇಕಾಗಿಲ್ಲ. ನೀರು ಕುಡಿದು ಮೂತ್ರವನ್ನು ತಡೆದುಕೊಂಡಿರಬೇಕಾಗಿಯೂ ಇಲ್ಲ. ಕುರುವಿನ ಮೇಲೆ ಎಣ್ಣೆ, ಬೂದಿ, ಅರಿಸಿನ ಯಾವುದನ್ನೂ ಹಚ್ಚಿಕೊಳ್ಳದೆ ಶುಚಿಯಾಗಿ ಹೋಗಬೇಕು. ಸಡಿಲವಾದ ಹತ್ತಿಬಟ್ಟೆ ಉಡುವುದು ಲೇಸು. ಸ್ತ್ರೀಯರು ಪರೀಕ್ಷೆಯ ವೇಳೆಯಲ್ಲಿ ದಾದಿಯೊಬ್ಬರು ಜೊತೆಯಲ್ಲಿರಬೇಕೆಂದು ಕೇಳಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲೆಲ್ಲಿ ಕುರು ಎದ್ದಿತ್ತೋ ಅಷ್ಟೂ ಸ್ಥಳಗಳನ್ನು ಹೇಳಬೇಕು. ಕಂಕುಳನ್ನು ತೋರಿಸಿ ತೊಡೆಸಂದನ್ನು ಮರೆಮಾಚಿದರೆ ರೋಗದ ಹಂತವೇ ತಪ್ಪಾಗಿ ನಿರ್ಧಾರವಾಗುತ್ತದೆ.

ಸ್ಕ್ಯಾನಿಂಗ್ ಕೇಂದ್ರದಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕವನ್ನು ನೀವು ಕಾಣುವಿರಿ. 1994ರ ಅಧಿನಿಯಮದ ಪ್ರಕಾರ ಗರ್ಭದಲ್ಲಿರುವ ಶಿಶುವು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ದಂಡನಾರ್ಹ ಅಪರಾಧ. ಚರ್ಮರೋಗದ ಪರೀಕ್ಷೆಗೆ ಹೋದ ಗರ್ಭಿಣಿಗೂ ಈ ನಿಯಮ ಅನ್ವಯಿಸುತ್ತದೆ.

ಶಸ್ತ್ರಚಿಕಿತ್ಸೆಯ ಬಗೆಗಳು

ರೋಗಿಗಳೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಆರಂಭದ ಹಂತದಲ್ಲಿ ಹಚ್ಚುವ ಮತ್ತು ನುಂಗುವ ಔಷಧಗಳಿಂದಲೇ ರೋಗವನ್ನು ಹತೋಟಿಯಲ್ಲಿಡಬಹುದು. ತೀವ್ರವಾದ ರೋಗಕ್ಕೆ ಅಡಾಲಿಮುಮ್ಯಾಬ್ ಎಂಬ ಚುಚ್ಚುಮದ್ದು 2015ರಿಂದ ಹಲವು ದೇಶಗಳಲ್ಲಿ ಬಳಕೆಗೆ ಬಂದಿದೆ. ಸುರಂಗಗಳು ಬೇರೂರಿದ ಮೇಲೆ ಮಾತ್ರ ಔಷಧದೊಡನೆ ಶಸ್ತ್ರಚಿಕಿತ್ಸೆಯೂ ಅಗತ್ಯವಾಗುತ್ತದೆ.

ಒಂದೆರಡು ಸುರಂಗಗಳಿದ್ದರೆ ಅವುಗಳ ಮೇಲ್ಛಾವಣಿಯನ್ನು ಮಾತ್ರ ಕತ್ತರಿಸಿ ತೆಗೆದು, ತಳವನ್ನು ಶುಚಿಗೊಳಿಸಿ ಮಾಯಲು ಬಿಡುವರು. ಮುಚ್ಚಿದ ಚರಂಡಿಯ ಚಪ್ಪಡಿಯನ್ನು ಎತ್ತಿ ಸ್ವಚ್ಛಮಾಡುವಂತೆ ಇದು. ಸಣ್ಣದಾದರೆ ಆ ಭಾಗವನ್ನು ಮಾತ್ರ ಮರಗಟ್ಟಿಸಿ ಮಾಡಬಹುದು. ರೋಗವು ವಿಸ್ತಾರವಾಗಿ ಹರಡಿದ್ದರೆ ಆ ಭಾಗದ ಚರ್ಮವನ್ನೇ ತೆಗೆದು, ಗಾಯವನ್ನು ತಾನಾಗಿ ತುಂಬಿಕೊಳ್ಳಲು ಬಿಡುವರು ಅಥವಾ ಬೇರೆಡೆಯ ಚರ್ಮವನ್ನು ಕಸಿ ಮಾಡುವರು. ತೆರೆದು ಬಿಟ್ಟ ಗಾಯವು ಮಾಯಲು ಹಲವು ವಾರಗಳು, ಒಮ್ಮೊಮ್ಮೆ ಎರಡು ಮೂರು ತಿಂಗಳುಗಳು ಹಿಡಿಯುತ್ತವೆ. ಹೀಗೆ ಬಿಟ್ಟುದು ವೈದ್ಯರ ಅಲಕ್ಷ್ಯವೆಂದು ತಿಳಿಯಬಾರದು. ಈ ಅವಧಿಯಲ್ಲಿ ಕ್ರಮವಾಗಿ ಪಟ್ಟಿ ಕಟ್ಟಿಸಿಕೊಳ್ಳಬೇಕು. ವೈದ್ಯರು ಹೇಳಿದಂತೆ ತೋಳನ್ನು ಆಡಿಸುತ್ತಿರಬೇಕು. ಆಡಿಸದಿದ್ದರೆ ಚರ್ಮವು ಸೆಡೆತು ತೋಳು ಮೇಲೇಳದಂತಾಗಬಹುದು. ಶಸ್ತ್ರಚಿಕಿತ್ಸೆಯ ನಂತರವೂ ಬೇರೆ ಸ್ಥಳದಲ್ಲಿ ಹೊಸ ಕುರು ಏಳುವ ಸಂಭವವಿರುವುದರಿಂದ ಧೂಮಪಾನವನ್ನು ಬಿಡುವುದು, ತೂಕವನ್ನು ಮಿತದಲ್ಲಿಡುವುದು, ವೈದ್ಯರನ್ನು ಆಗಾಗ ಕಾಣುವುದು ಅವಶ್ಯ.

ಔಷಧಗಳು ಮತ್ತು ಕುಟುಂಬ ಯೋಜನೆ

ಈ ಭಾಗವನ್ನು ದಂಪತಿಗಳು ವಿಶೇಷ ಗಮನವಿಟ್ಟು ಓದಬೇಕು. ಈ ರೋಗಕ್ಕೆ ಕೆಲವೊಮ್ಮೆ ರಿಫಾಂಪಿಸಿನ್ ಎಂಬ ಔಷಧವನ್ನು ಕೊಡುತ್ತಾರೆ. ಇದನ್ನು ಸೇವಿಸಿದಾಗ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗುವುದು, ಅದರಿಂದ ಭಯವಿಲ್ಲ. ಆದರೆ ಇದು ಮಾಲಾ-ಎನ್‌ನಂಥ ಗರ್ಭನಿರೋಧಕ ಗುಳಿಗೆಗಳ ಶಕ್ತಿಯನ್ನು ಕುಂದಿಸುತ್ತದೆ. ಗುಳಿಗೆಯನ್ನು ದಿನವೂ ತಪ್ಪದೆ ನುಂಗಿದರೂ ಗರ್ಭ ನಿಲ್ಲಬಹುದು. ಆದಕಾರಣ ಈ ಔಷಧ ನಡೆಯುತ್ತಿರುವಾಗ ಮತ್ತು ನಿಲ್ಲಿಸಿದ ಮೇಲೆ 4 ವಾರಗಳವರೆಗೆ ಪತಿಯು ನಿರೋಧ್ ಬಳಸಬೇಕು, ಇಲ್ಲವೆ ವೈದ್ಯರ ಸಲಹೆಯಂತೆ ಕಾಪರ್-ಟಿ ಅಳವಡಿಸಿಕೊಳ್ಳಬಹುದು.

ಡಾಕ್ಸಿಸೈಕ್ಲಿನ್ ಔಷಧವನ್ನು ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಸಿಟ್ರೆಟಿನ್ ಎಂಬ ಔಷಧವು ಗರ್ಭಸ್ಥ ಶಿಶುವಿಗೆ ತೀವ್ರ ಅಂಗವೈಕಲ್ಯವನ್ನು ಉಂಟುಮಾಡಬಲ್ಲುದು; ಅದನ್ನು ಸೇವಿಸಿದ ಸ್ತ್ರೀಯು ನಿಲ್ಲಿಸಿದ ಮೇಲೆಯೂ 3 ವರ್ಷಗಳವರೆಗೆ ಗರ್ಭ ಧರಿಸಬಾರದು. ಆದುದರಿಂದ ಮಗುವನ್ನು ಪಡೆಯುವ ಆಲೋಚನೆಯಿದ್ದರೆ, ತಿಂಗಳ ಮುಟ್ಟು ತಪ್ಪಿದ್ದರೆ, ಎದೆಹಾಲು ಉಣಿಸುತ್ತಿದ್ದರೆ ಆ ಸಂಗತಿಯನ್ನು ಔಷಧ ಬರೆಯಿಸಿಕೊಳ್ಳುವ ಮೊದಲೇ ಹೇಳಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬರುವವರು ಕುರುಗಳಿದ್ದರೆ ಮೊದಲೇ ತಿಳಿಸಬೇಕು. ಶಸ್ತ್ರಚಿಕಿತ್ಸೆಯ ಸ್ಥಳದ ಚರ್ಮದಲ್ಲಿ ಸೋಂಕಿದ್ದರೆ ಅದು ಗುಣವಾಗುವವರೆಗೆ ಮುಂದೂಡುವುದು ಕ್ಷೇಮ.

ಪತಿಪತ್ನಿಯರ ಕರ್ತವ್ಯ

ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಹೆಂಡತಿಗೆ ತೊಡೆಸಂದಿನಲ್ಲಿ ಕುರುಗಳಿವೆ. ವಾಸನೆ ಬರುವುದೆಂದು ನಾಚಿ ಆಕೆ ಬೇರೆ ಮಲಗುತ್ತಾಳೆ. ಕಳೆ ಕೀಳಲು ಕುಕ್ಕುರುಗಾಲಿನಲ್ಲಿ ಕೂರಲಾರದೆ ಕೂಲಿಗೆ ಹೋಗುವುದನ್ನು ಬಿಡುತ್ತಾಳೆ. ಗಂಡನು ಅದನ್ನು ಅಸಡ್ಡೆಯೆಂದು ತಿಳಿದು ಸಿಡುಕುತ್ತಾನೆ, ಅತ್ತೆ ಸೋಮಾರಿತನವೆನ್ನುತ್ತಾಳೆ. ಮನೆಯಲ್ಲಿ ದುಷ್ಟರು ಯಾರೂ ಇಲ್ಲ, ಆದರೂ ನೆಮ್ಮದಿಯಿಲ್ಲ. ಹೆಂಡತಿಯು ಒಂದು ಮಾತು ಹೇಳಿ, ಗಂಡನು ಅದನ್ನು ತಾಳ್ಮೆಯಿಂದ ಕೇಳಿ, ಇಬ್ಬರೂ ಕೂಡಿ ಆಸ್ಪತ್ರೆಗೆ ಬಂದರೆ ಈ ದುಃಖದ ಬಹುಭಾಗ ನಿವಾರಣೆಯಾದಂತೆಯೇ. ಗಂಡನಿಗೆ ರೋಗವಿದ್ದರೂ ಇದೇ ಮಾತು ಸಲ್ಲುತ್ತದೆ. ಪಟ್ಟಿ ಕಟ್ಟುವುದನ್ನು ದಾದಿಯಿಂದ ಕಲಿತು ಮನೆಯಲ್ಲಿ ನೆರವಾಗುವುದು, ನೀರು ಹೊರುವ ಕೆಲಸವನ್ನು ಕೆಲವು ವಾರ ವಹಿಸಿಕೊಳ್ಳುವುದು, ಮನೆಯೊಳಗೆ ಬೀಡಿ ಸೇದದಿರುವುದು ಇವೆಲ್ಲ ಚಿಕಿತ್ಸೆಯ ಭಾಗಗಳೇ ಆಗಿವೆ.

ದಂಪತಿಗಳು ಕೇಳುವ ಕೆಲವು ಪ್ರಶ್ನೆಗಳು

ಪ್ರಶ್ನೆ: ಈ ಪರೀಕ್ಷೆ ಎಲ್ಲಿ ದೊರೆಯುತ್ತದೆ?
ಉತ್ತರ: ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣಿರಿ. ಅವರು ಅಗತ್ಯವನ್ನು ನೋಡಿ ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಚೀಟಿ ಕೊಡುವರು. ಚರ್ಮವನ್ನು ನೋಡಲು ತಕ್ಕ ಹಿಡಿಯು ಎಲ್ಲ ಯಂತ್ರಗಳಲ್ಲಿಯೂ ಇರುವುದಿಲ್ಲ. ಆದ್ದರಿಂದ ಚೀಟಿಯಿಲ್ಲದೆ ತಾವಾಗಿಯೇ ಹೋಗಿ ಹಣ ವ್ಯಯಮಾಡಬಾರದು.

ಪ್ರಶ್ನೆ: ನಮ್ಮ ಮಕ್ಕಳಿಗೂ ಬರುವುದೇ?
ಉತ್ತರ: ಕೆಲವರಿಗೆ ಬರಬಹುದು, ಎಲ್ಲರಿಗೂ ಬಾರದು. ಪ್ರಾಯಕ್ಕೆ ಬಂದ ಮಕ್ಕಳಲ್ಲಿ ಇಂಥ ಕುರು ಕಂಡರೆ ಬೈಯದೆ ಕೂಡಲೇ ತೋರಿಸಿರಿ. ಸುರಂಗವಾಗುವ ಮೊದಲೇ ಚಿಕಿತ್ಸೆ ಆರಂಭಿಸಿದರೆ ಅನುಕೂಲ ಹೆಚ್ಚು.

ಪ್ರಶ್ನೆ: ಹಲವು ವರ್ಷಗಳಿಂದ ಸೋರುತ್ತಿದೆ. ಈಗ ನೋವಿಲ್ಲ. ಹಾಗೆಯೇ ಬಿಡಬಹುದೇ?
ಉತ್ತರ: ಬಿಡಬಾರದು. ಬಹುಕಾಲ ಸೋರುವ ಹುಣ್ಣು, ಮುಖ್ಯವಾಗಿ ಪೃಷ್ಠ ಮತ್ತು ಗುದದ ಸುತ್ತಲಿನದು, ಅಪರೂಪವಾಗಿ ಕ್ಯಾನ್ಸರಿಗೆ ತಿರುಗುವುದುಂಟು. ಹುಣ್ಣಿನ ಅಂಚು ಗಟ್ಟಿಯಾದರೆ ಅಥವಾ ರಕ್ತ ಒಸರಿದರೆ ಒಂದು ದಿನವೂ ತಡಮಾಡಬಾರದು.

ಪ್ರಶ್ನೆ: ಸ್ಕ್ಯಾನಿಂಗ್ ಇಲ್ಲದೆಯೇ ಕುಯ್ಯಿಸಿಕೊಂಡರೆ ಆಗದೇ?
ಉತ್ತರ: ಜ್ವರ ಮತ್ತು ತೀವ್ರ ನೋವಿರುವ ಕೀವುಗುಳ್ಳೆಯನ್ನು ಕೂಡಲೇ ತೆರೆಯಬೇಕಾಗಬಹುದು. ಆದರೆ ಬೇರೂರಿದ ರೋಗವನ್ನು ತೆಗೆಯಿಸುವ ಮುನ್ನ, ಅದು ಎಲ್ಲಿಯವರೆಗೆ ಹಬ್ಬಿದೆಯೆಂಬುದನ್ನು ಸ್ಕ್ಯಾನಿಂಗ್‌ನಿಂದ ನೋಡಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿರಿ. ಹೀಗೆ ಕೇಳುವುದು ಉದ್ಧಟತನವಲ್ಲ.

ನಿಮ್ಮ ಗ್ರಾಮದ ಆಶಾ ಕಾರ್ಯಕರ್ತೆಯೊಡನೆಯಾಗಲಿ, ಕಿರಿಯ ಆರೋಗ್ಯ ಸಹಾಯಕಿಯೊಡನೆಯಾಗಲಿ ಈ ವಿಷಯವನ್ನು ನಿಸ್ಸಂಕೋಚವಾಗಿ ಮಾತನಾಡಿರಿ. ಕುರು ಎದ್ದ ದಿನಾಂಕ, ಸ್ಥಳ ಮತ್ತು ಹಿಂದೆ ಕುಯ್ಯಿಸಿಕೊಂಡ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಹಳೆಯ ಚೀಟಿಗಳೊಡನೆ ಪತಿಪತ್ನಿಯರಿಬ್ಬರೂ ಕೂಡಿ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.